ಸೋಮನಿಂಗನ ಒಡ್ಡು

ಸೋಮನಿಂಗನನ್ನು ನಮ್ಮೂರು ತಲೆಕೆಟ್ಟವ ಅನ್ನುತ್ತದೆ. ಕೇಳಿದರೆ ನನಗೆ ಮೈ ಉರಿಯುತ್ತದೆ. ಅವನ ತಲೆ ನೆಟ್ಟಗೇ ಇತ್ತು, ಕೆಟ್ಟದ್ದು ನಮ್ಮದು.

ಅವನ ಅಪ್ಪ ತೀರಿಕೊಂಡ ಮೇಲೆ ಹಿರಿಯರು ಹೊಲವನ್ನು ಇಳಿಜಾರಿನ ಉದ್ದಕ್ಕೆ ಸೀಳಿದರು. ಅಣ್ಣ ಪರಪ್ಪನಿಗೊಂದು ಪಟ್ಟಿ, ಸೋಮನಿಂಗನಿಗೊಂದು. ಮೇಲಿನ ಬರಡು ಮಡ್ಡಿನೆಲವೂ ಕೆಳಗಿನ ಕಪ್ಪು ಎರೆಮಣ್ಣೂ ಇಬ್ಬರಿಗೂ ಸಮ ಬರಬೇಕಲ್ಲ! ನ್ಯಾಯವೇ. ಆದರೆ ಮಳೆಗೆ ನಮ್ಮ ನ್ಯಾಯ ಗೊತ್ತಿಲ್ಲ. ಇಳಿಜಾರಿನ ಉದ್ದಕ್ಕೇ ಹೊಡೆದ ಸಾಲುಗಳಲ್ಲಿ ನೀರು ಹರಿದು ವರ್ಷವರ್ಷ ಒಂದು ಬೆರಳಿನಷ್ಟು ದಪ್ಪ ಮಣ್ಣು ಕೊಚ್ಚಿ ಹೋಗುತ್ತಿತ್ತು.

ಐವತ್ತೈದನೇ ಇಸವಿಯಲ್ಲಿ ಸರಕಾರದ ಸಾಹೇಬನೊಬ್ಬ ನಕಾಶೆ ಹಿಡಿದು ಬಂದ. ಇಳಿಜಾರಿಗೆ ಅಡ್ಡವಾಗಿ ಮಣ್ಣಿನ ಒಡ್ಡು ಹಾಕಿದರೆ ಮಣ್ಣು ನಿಲ್ಲುತ್ತದೆ ಎಂದ. ಆ ಒಡ್ಡು ಸೋಮನಿಂಗನ ಹೊಲದಲ್ಲಿ ಶುರುವಾಗಿ, ಪರಪ್ಪನದನ್ನು ದಾಟಿ, ಆಚೆಗಿನ ನನ್ನ ಹೊಲವನ್ನೂ ದಾಟಿ ಅಂಚಿನ ಹಳ್ಳ ಮುಟ್ಟಬೇಕು. ನಡುವೆ ತುಂಡಾಗಬಾರದು.

"ಯಣ್ಣಾ, ಮಣ್ಣು ಉಳೀಲಿಲ್ಲಂದ್ರ ಮಕ್ಕಳು ಏನ್ ತಿಂತಾವು?" ಎಂದು ಸೋಮನಿಂಗ ಅಣ್ಣನ ಕಾಲು ಹಿಡಿದ.

"ಮೊದಲ ರಜಾಕ ಹಾಕಲಿ, ಆಮ್ಯಾಲ ನೋಡೂಣು" ಎಂದ ಪರಪ್ಪ.

ರಜಾಕ ಅಂದರೆ ನಾನೇ, ಅಬ್ದುಲರಜಾಕ. ಸೋಮನಿಂಗ ನನ್ನ ಮನೆಗೂ ಬಂದ.

"ಮೊದಲ ಪರಪ್ಪ ಹಾಕಲಿ ಮಾರಾಯಾ. ಊರ ಉಸಾಬರಿ ಮಾಡಿ ಮುಲ್ಲಾ ಸೊರಗಿದನಂತ, ನಾ ಯಾಕ ಸೊರಗಲಿ?" ಎಂದು ನಕ್ಕುಬಿಟ್ಟೆ. ಆ ನಗೆಗೆ ಬೆಂಕಿ ಹಾಕಬೇಕು.

ಅವನೂ ಅವನ ಹೆಂಡತಿ ಸಾವಿತ್ರವ್ವನೂ ಬೇಸಿಗೆಯೆಲ್ಲ ಬುಟ್ಟಿ ಹೊತ್ತು ತಮ್ಮ ಪಟ್ಟಿಗಷ್ಟೇ ಒಡ್ಡು ಹಾಕಿದರು. "ಒಂದ್ ವರ್ಷ ಕಣ್ಣಲೇ ನೋಡಿದ್ರ ಇವರೂ ಹಾಕ್ತಾರ" ಅನ್ನುತ್ತಿದ್ದ, ಪಾಪ.

ಜೋಳ ಬಿತ್ತಿದ ಮೇಲೆ ಹಸ್ತದ ಮಳೆ ಸುರಿಯಿತು. ತಡೆದ ನೀರು ಒಡ್ಡಿನ ಗುಂಟ ಹರಿದು, ಒಡ್ಡು ಮುಗಿದಲ್ಲಿ ಪರಪ್ಪನ ಹೊಲಕ್ಕೆ ಒಮ್ಮೆಲೇ ನುಗ್ಗಿತು. ಬೀಜ, ಎರೆ ಎಲ್ಲ ಕೊಚ್ಚಿ ಹೋಗಿ ಸೊಂಟದಾಳದ ಕೊರಕಲು ಬಿತ್ತು. ಪರಪ್ಪನ ಹೆಂಡತಿ ಹುಲಿಗೆವ್ವ ಬಾಯಿ ಬಡಿದುಕೊಂಡಳು: "ಏ ಸೋಮನಿಂಗಾ, ನಿನ್ನ ಹೊಲ ಉಳಿಸ್ಕೊಳ್ಳಾಕ ನನ್ನ ಮಕ್ಕಳ ಬಾಯಾಗ ಮಣ್ಣ ಹಾಕಿದ್ಯಲ್ಲೋ!"

ಅಣ್ಣನ ಹೊಲಕ್ಕೆ ಇನ್ನು ನೀರು ನುಗ್ಗದಿರಲೆಂದು ಸೋಮನಿಂಗ ಗುದ್ದಲಿ ತಂದು ಒಡ್ಡನ್ನು ಮೂರು ಕಡೆ ಕಡಿದ. ಸಾವಿತ್ರವ್ವ ಕೆಸರಲ್ಲೇ ತಲೆ ಹಿಡಿದು ಕುಳಿತಳು. ನಾನು ನನ್ನ ಹೊಲದ ಅಂಚಿಗೆ ನಿಂತು ನೋಡಿದೆ. ಬೇಡವೆನ್ನಲಿಲ್ಲ.

ಮರುವರ್ಷ ಸಾಹೇಬ ಮತ್ತೆ ಬಂದು, ಚಾವಡಿಯಲ್ಲಿ ಊರವರನ್ನೆಲ್ಲ ಕೂಡಿಸಿ, ಯಾರು ಯಾರು ಒಡ್ಡು ಹಾಕುತ್ತೀರಿ ಎಂದು ಕೇಳಿದ. ಎಲ್ಲರಿಗಿಂತ ಮೊದಲು ಎದ್ದವನು ನಾನು.

"ಒಡ್ಡ ಕಟ್ಟಿದಾವನ ಅದನ್ನ ಕಡದಾನ್ರೀ ಸಾಹೇಬ್ರ. ನಮಗ್ಯಾಕ ಹೇಳ್ತೀರಿ?"

ಊರು ಹೌದೌದು ಅಂದಿತು. ಖರೆಯೇನೋ ಎಂದು ಸಾಹೇಬ ಸೋಮನಿಂಗನನ್ನು ಕೇಳಿದ. ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಪರಪ್ಪನೂ ನಾನೂ ಹಿಂದೆ ಸರಿದದ್ದಕ್ಕೇ ಒಡ್ಡು ಕೆಟ್ಟಿತೆಂದು ಅವನು ಹೇಳಬಹುದಿತ್ತು.

"ಹೌದ್ರಿ, ನಾನ ಕಡದೇನಿ" ಅಂದ.

ಸಾಹೇಬ ತನ್ನ ಯಾದಿಯಲ್ಲಿ ನಮ್ಮೂರಿನ ಹೆಸರು ಹೊಡೆದು ಹಾಕಿದ. ಮಣ್ಣು ಹೋಗಿ ಕಲ್ಲೆದ್ದ ಮೂರೂ ಹೊಲಗಳಲ್ಲಿ ಈಗ ಕುಂಟೆ ಇಳಿಯುವುದಿಲ್ಲ.