ಸೊಂಟದ ಬಿಸಿಗೆ ಬಾಯಿ ಬಿಟ್ಟ ಡಬ್ಬಿ

ಗಂಗಾವತಿಯ ಬೆಳ್ಳಿ ಅಂಗಡಿಗಳ ಓಣಿಯಲ್ಲಿ ಇನ್ನೂ ಕಸ ಗುಡಿಸುವ ಸಪ್ಪಳವಷ್ಟೇ ಇದೆ. ಮುದಿಯಪ್ಪ ಕುಲುಮೆಯ ಕಟ್ಟೆಯ ಮೇಲೆ ಕೂರುತ್ತಾರೆ, ಏಳುತ್ತಾರೆ, ಓಣಿಯ ತುದಿಗೆ ಹೋಗಿ ಇಣುಕಿ ಬಂದು ಮತ್ತೆ ಕೂರುತ್ತಾರೆ. ಕುಷ್ಟಗಿ ಬಸ್ಸು ಬರಲು ಇನ್ನೂ ಹೊತ್ತಿದೆ ಎಂದು ಅವರಿಗೇ ಗೊತ್ತು. ಕೈ ಮಾತ್ರ ಗಳಿಗೆಗೊಮ್ಮೆ ಧೋತರದ ಗಂಟು ಮುಟ್ಟಿ ನೋಡುತ್ತದೆ. ಅಲ್ಲಿ ನಿನ್ನೆ ಬೆಳಗಿನಿಂದ ಒಂದು ಹಳೆಯ ಬೆಳ್ಳಿ ಡಬ್ಬಿ ಇದೆ, ತಪಕೀರು ಅಂದರೆ ನಶ್ಯದ ಡಬ್ಬಿ. ಅದು ಅವರದಲ್ಲ. ಇವತ್ತು ಅವರ ಕೈಯಿಂದಲೇ ಅದು ಕರಗಬೇಕು.

ಅರವತ್ತೆರಡರ ಮುದಿಯಪ್ಪ ಹಳೆ ಬೆಳ್ಳಿ ಕರಗಿಸುವ ಕೂಲಿ. ಮೂವತ್ತೆಂಟು ವರ್ಷದಿಂದ ಇದೇ ಕುಲುಮೆ. ದರ ಏರಿದ್ದೇ ತಡ, ಯಲಬುರ್ಗಾ, ಕೊಪ್ಪಳದ ಕಡೆಯಿಂದಲೂ ಜನ ಗಂಟು ಹಿಡಿದು ಬರುತ್ತಿದ್ದಾರೆ. ದಿನಕ್ಕೆ ನಾಲ್ಕು ಕಿಲೋ, ಒಮ್ಮೊಮ್ಮೆ ಆರು. ಕಡಗ, ಉಡದಾರ, ಕುಂಕುಮದ ಭರಣಿ, ಏನೇ ಬರಲಿ, ಕರಗಿಸುವ ಮೂಸೆಗೆ ಹಾಕುವಾಗ ಅವರಿಗೆ ಏನೂ ಅನ್ನಿಸುವುದಿಲ್ಲ. ತಪಕೀರಿನ ಡಬ್ಬಿ ಬಂತೆಂದರೆ ಮಾತ್ರ ಜೀವ ಚಡಪಡಿಸುತ್ತದೆ.

"ಹೆಬ್ಬೆಟ್ಟು ಒತ್ತಿ ಒತ್ತಿ ಮುಚ್ಚಳ ತಗ್ಗು ಬಿದ್ದಿರತೈತ್ರಿ. ಒಬ್ಬೊಬ್ಬರ ತಗ್ಗು ಒಂದೊಂದು ನಮೂನಿ. ಅದನ್ನ ಬೆಂಕ್ಯಾಗ ಹೆಂಗ ಹಾಕೂದು?" ಎನ್ನುತ್ತಾರೆ.

ಹಾಗಾಗಿ ಅವರು ಒಂದು ದಾರಿ ಕಂಡುಕೊಂಡಿದ್ದಾರೆ. ಶನಿವಾರದ ಕುಲುಮೆ ಬೂದಿ ಮುದಿಯಪ್ಪನವರಿಗೇ ಸೇರತಕ್ಕದ್ದು. ಮಾಲೀಕರು ಒಪ್ಪಿಕೊಟ್ಟ ಹಕ್ಕದು. ಅದನ್ನು ತೊಳೆದು, ಸೋಸಿ, ತಳದಲ್ಲಿ ಉಳಿದ ಬೆಳ್ಳಿಯ ಕಣಗಳನ್ನು ಕೂಡಿಸಿ ಗಟ್ಟಿ ಮಾಡುತ್ತಾರೆ. ಒಂದು ಡಬ್ಬಿಯ ತೂಕ ಕೂಡಿಬರಲು ಆರೇಳು ತಿಂಗಳು ಬೇಕು. ಡಬ್ಬಿ ತಂದವರಿಗೆ ಅಷ್ಟೇ ತೂಕದ ಗಟ್ಟಿ ಕೊಟ್ಟು ಡಬ್ಬಿ ಉಳಿಸಿಕೊಳ್ಳುತ್ತಾರೆ. ಹೀಗೆ ಕೂಡಿದವು ಇಪ್ಪತ್ತೇಳು: ಮಾವಿನಕಾಯಿ ಆಕಾರದವು, ವೀಳ್ಯದೆಲೆಯಂಥವು, ಸರಪಳಿಗೆ ಸಣ್ಣ ಚಮಚ ಕಟ್ಟಿದವು.

ಯಾವುದೂ ಕಪಾಟಿನಲ್ಲಿ ಸುಮ್ಮನೆ ಕೂಡುವಂತಿಲ್ಲ. ದಿನಕ್ಕೊಂದು ಸರದಿಯ ಮೇಲೆ ತಪಕೀರು ತುಂಬಿಕೊಂಡು ಸೊಂಟ ಏರುತ್ತದೆ. ಬಳಸದ ಡಬ್ಬಿಯ ಕೀಲು ಬಿಗಿದುಕೊಳ್ಳುತ್ತದೆ ಎಂಬುದು ಒಂದು ನೆಪ. ಇನ್ನೊಂದನ್ನು ಅವರು ಮೆಲ್ಲಗೆ ಹೇಳುತ್ತಾರೆ: "ಆಸಿಡ್ ಹೊಗಿಗೆ ಮೂಗು ಸತ್ತೈತ್ರಿ. ಮನ್ಯಾಗ ಒಗ್ಗರಣಿ ಹೊತ್ತಿದ್ರೂ ತಿಳಿಯಂಗಿಲ್ಲ. ತಪಕೀರ ಏರಿಸಿದ್ರ ಒಂದೀಟು ಎಚ್ಚರ ಆಗತೈತಿ."

ಹೆಂಡತಿ ಹುಲಗೆಮ್ಮ ಬಿಡುವವರಲ್ಲ. "ಇರೂದು ಒಂದ ಮೂಗು, ಡಬ್ಬಿ ಇಪ್ಪತ್ತೇಳು! ಅದರಾಗ ಆ ಮೂಗೂ ಸುದ್ದ ಇಲ್ಲ," ಎಂದು ನಗುತ್ತಾರೆ.

ನಿನ್ನೆ ಡಬ್ಬಿ ತಂದವರು ಕುಷ್ಟಗಿಯ ತಾಜಬೀ. ಅದು ಅವರ ಮಾವ ನೂರಸಾಬರದು. ನೂರಸಾಬ ಎತ್ತಿನ ಸಂತೆಯ ದಲಾಲಿ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸಿ, ಡಬ್ಬಿ ತೆರೆದು, ಮಾರುವವನಿಗೂ ಕೊಳ್ಳುವವನಿಗೂ ಚಿಟಿಕೆ ಚಿಟಿಕೆ ಕೊಡುತ್ತಿದ್ದರಂತೆ. ಇಬ್ಬರೂ ಸೀನಿದರೆ ವ್ಯಾಪಾರ ಕುದುರಿತೆಂದೇ ಲೆಕ್ಕ. ಅವರು ತೀರಿಕೊಂಡು ಹತ್ತೊಂಬತ್ತು ವರ್ಷ. ಅಂದಿನಿಂದ ಡಬ್ಬಿಯನ್ನು ಯಾರೂ ತೆರೆದಿಲ್ಲ. ಒಳಗಿನ ಪುಡಿ ಹೆಪ್ಪುಗಟ್ಟಿ ಮುಚ್ಚಳ ಕಚ್ಚಿಕೊಂಡಿದೆ. ತೆರೆದು ಪುಡಿ ತೆಗೆಯದೆ ತೂಗುವಂತಿಲ್ಲ.

ಇಂಥದ್ದೇ ಒಂದನ್ನು ಹರೆಯದಲ್ಲಿ ಮುದಿಯಪ್ಪ ಕೆಂಡದ ಮೇಲಿಟ್ಟು ಬಿಡಿಸಲು ಹೋಗಿದ್ದರು. ಬೆಸುಗೆ ಕರಗಿ ಮುಚ್ಚಳವೇ ಕಳಚಿ ಬಿತ್ತು. ಆ ಪೆದ್ದತನಕ್ಕೆ ಇವತ್ತಿಗೂ ತಲೆ ಚಚ್ಚಿಕೊಳ್ಳುತ್ತಾರೆ. ಅಂದಿನಿಂದ ಸೊಂಟದ ಬಿಸಿಯೇ ಗತಿ. ಒಂದು ದಿನ ಒಂದು ರಾತ್ರಿ ಮೈಗೆ ತಾಗಿದ್ದರೆ ಪುಡಿ ತಾನಾಗಿ ಸಡಿಲಾಗುತ್ತದೆ.

ಎಂಟಕ್ಕೆ ತಾಜಬೀ ಬರುತ್ತಾರೆ. ಮುದಿಯಪ್ಪ ಹೆಬ್ಬೆಟ್ಟು ಒತ್ತುತ್ತಾರೆ. ಮೊದಲ ಸಲ ಇಲ್ಲ. ಎರಡನೆಯದಕ್ಕೆ ಟಕ್ಕೆಂದು ತೆರೆಯುತ್ತದೆ. ತಾಜಬೀ ಬಗ್ಗಿ ಮೂಸಿ, ಜೋರಾಗಿ ಸೀನಿ, ಅಳುತ್ತಲೇ ನಗುತ್ತಾರೆ. "ಅಯ್ಯ, ನಮ್ಮ ಮಾವ ಇನ್ನೂ ಇದರಾಗ ಅದಾರ ನೋಡ್ರಿ!"

ಪುಡಿ ಕಾಗದಕ್ಕೆ ಸುರಿದು ತೂಗಿದರೆ ಏಳೂವರೆ ತೊಲೆ. ಮುದಿಯಪ್ಪನವರ ಗಟ್ಟಿ ಎಂಟು ತೊಲೆ ಇದೆ. ಅವಸರವಸರವಾಗಿ ಅದನ್ನು ಮುಂದಿಡುತ್ತಾರೆ. "ಇದನ್ನ ತಗೋರ್ರಿ. ಅರ್ಧ ತೊಲಿ ಹೆಚ್ಚಿಗೇ ಐತಿ. ಡಬ್ಬಿ ನನಗಿರ್ಲಿ."

ತಾಜಬೀ ತಲೆ ಅಲ್ಲಾಡಿಸುತ್ತಾರೆ. "ಮೊಮ್ಮಗಳ ನಿಕಾ ಐತ್ರಿ, ಮುಸ್ಕಾನಂದು. ಸಣ್ಣಾಕಿದ್ದಾಗ ಮಾವ ಹೆಗಲ ಮ್ಯಾಲ ಕುಂದರಿಸಿಕೊಂಡು ಸಂತಿ ತಿರುಗಿಸ್ಯಾರ. ಅವರ ಬೆಳ್ಳೀನ ಆಕಿ ಕಾಲಾಗ ಗೆಜ್ಜಿ ಆಗಬೇಕು. ಬ್ಯಾರೇದವರದು ನನಗ ಬ್ಯಾಡ."

ಮುದಿಯಪ್ಪ ಗಟ್ಟಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಬೆಂಕಿ ಹೊತ್ತಿಸುತ್ತಾರೆ. ತಾಜಬೀ ಹೊರಗಿನ ಮೆಟ್ಟಿಲ ಮೇಲೆ ಬೆನ್ನು ಹಾಕಿ ಕೂತುಬಿಡುತ್ತಾರೆ. "ನೀವ ಹಾಕಿಬಿಡ್ರಿ. ನನಗ ನೋಡಾಕ ಆಗಂಗಿಲ್ಲ."

ಮೂವತ್ತೆಂಟು ವರ್ಷದಲ್ಲಿ ಯಾವ ಗಿರಾಕಿಯೂ ಹೀಗೆ ಮಾಡಿದ್ದಿಲ್ಲ. ಎಲ್ಲರೂ ಕಣ್ಣು ಪಿಳುಕಿಸದೆ ಮೂಸೆಯನ್ನೇ ನೋಡುವವರು. ಮೂಸೆ ಕೆಂಪಗಾಗಿದೆ. ಮುದಿಯಪ್ಪನವರ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಗಟ್ಟಿ. ಕರಗಿದ ಮೇಲೆ ಯಾವುದು ಡಬ್ಬಿಯ ಬೆಳ್ಳಿ, ಯಾವುದು ಬೂದಿಯದು ಎಂದು ಹೇಳಬಲ್ಲವರು ಗಂಗಾವತಿಯಲ್ಲೇ ಇಲ್ಲ. ಹಣೆಯ ಬೆವರು ಕಣ್ಣಿಗಿಳಿದರೂ ಅವರು ಒರೆಸಿಕೊಳ್ಳುವುದಿಲ್ಲ.

"ತಾಜಬೀ!" ಎಂದು ಒಮ್ಮೆಲೇ ಕೂಗುತ್ತಾರೆ. "ಒಳಗ ಬಂದು ಇಲ್ಲೇ ನಿಂದರ್ರಿ. ನೀವು ಹಿಂಗ ಬೆನ್ನು ಹಾಕಿ ಕುಂತ್ರ ನನ್ನ ಕೈ ಮ್ಯಾಲ ನನಗ ಭರೋಸಾ ಇಲ್ರಿ. ಬರ್ರಿ, ಕಣ್ಣು ತೆರೆದು ನೋಡ್ರಿ. ನೀವು ನೋಡಿದ್ರನ ನಾ ಈ ಡಬ್ಬಿ ಹಾಕಾಂವ."