ಷಡ್ಡಕ ಹಾಕಿಕೊಟ್ಟ ರ‍್ಯಾಮ್

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಔಷಧದ ದಾಸ್ತಾನಿಗೂ ಬಟ್ಟೆ ಒಗೆಯುವ ಯಂತ್ರಗಳಿಗೂ ನಡುವೆ, ಕಿಟಕಿಯಿಲ್ಲದ ಒಂದು ಕೋಣೆಯಿದೆ. ಮೇಲಿನ ಅಂತಸ್ತುಗಳ ಕಂಪ್ಯೂಟರುಗಳು ಕಾಯಿಲೆ ಬಿದ್ದರೆ ಬಂದು ಸೇರುವುದು ಅಲ್ಲಿಗೆ. ಆ ಕೋಣೆಯ ಯಜಮಾನರಿಗೆ ನರ್ಸುಗಳು ಇಟ್ಟಿರುವ ಹೆಸರು ‘ಒಂದೊಂದೇ ಸರ್’. ಯಾವ ಯಂತ್ರ ತಂದಿಟ್ಟರೂ ಅವರ ಬಾಯಿಂದ ಮೊದಲು ಬರುವ ಮಾತು, “ಅವಸರ ಬೇಡ, ಒಂದೊಂದೇ ನೋಡೋಣ.” ಒಮ್ಮೆಗೆ ಒಂದನ್ನೇ ಬದಲಿಸಬೇಕು, ಬದಲಿಸಿ ಕಾಯಬೇಕು, ಕಾದ ಮೇಲಷ್ಟೇ ಇನ್ನೊಂದಕ್ಕೆ ಕೈಹಾಕಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಂತ್ರವೇನೋ ಸರಿಹೋದೀತು. ಯಾವುದರಿಂದ ಸರಿಹೋಯಿತೆಂಬುದು ಮಾತ್ರ ಯಾರಪ್ಪನಿಗೂ ತಿಳಿಯುವುದಿಲ್ಲ.

ಈ ನೇಮವನ್ನು ಅವರು ಮುರಿದದ್ದು ಅತ್ತೆಯ ಸ್ಟುಡಿಯೋದಲ್ಲಿ. ಅದಕ್ಕೆ ಕಾರಣ ಷಡ್ಡಕ.

ಅತ್ತೆಯವರದು ಮನೆಯ ಮುಂಭಾಗದಲ್ಲೇ ನಡೆಯುವ ಫೋಟೋ ಸ್ಟುಡಿಯೋ. ಮುಂದಿನ ಕೋಣೆಯಲ್ಲಿ ದೀಪ, ಛತ್ರಿ, ಸ್ಟೂಲು. ಕಪ್ಪು ಪರದೆ ಸರಿಸಿ ಒಳಗೆ ಹೋದರೆ ಆಲ್ಬಮ್ಮಿನ ಪುಟ ಜೋಡಿಸುವ ಕಂಪ್ಯೂಟರ್. ಅದು ನಿಂತುಹೋದಾಗಲೆಲ್ಲ ಆಸ್ಪತ್ರೆಯ ಕೋಣೆಯಲ್ಲಿ ಫೋನ್ ರಿಂಗಾಗುತ್ತಿತ್ತು. “ದೊಡ್ಡ ಅಳಿಯಂದ್ರೇ, ಇದು ಮತ್ತೆ ಮುನಿಸ್ಕೊಂಡಿದೆ, ಸ್ವಲ್ಪ ಬಂದು ಸಮಾಧಾನ ಮಾಡಿ.” ಆ ಕರೆ ಬಂದ ದಿನ ಅವರ ನಡಿಗೆಯೇ ಬೇರೆ. ಬಾಯಲ್ಲಿ ಮಾತ್ರ, “ಛೆ, ಅತ್ತೆಗೆ ನಾನಿಲ್ಲದೆ ಒಂದು ಕೆಲಸವೂ ಆಗಲ್ಲ,” ಎಂಬ ಗೊಣಗಾಟ.

ನಂತರ ನಾದಿನಿಗೆ ಮದುವೆಯಾಯಿತು. ಅವಳ ಗಂಡ ಮನೆಮನೆಗೆ ತಿರುಗಿ ನೀರಿನ ಫಿಲ್ಟರ್ ಮಾರುವವನು. ಅಪರಿಚಿತರ ಬಾಗಿಲು ತಟ್ಟಿ, ಅವರ ಅಡುಗೆಮನೆಯಲ್ಲೇ ಕೂತು ಅವರ ನೀರನ್ನೇ ಬೈದು, ಕೊನೆಗೆ ಅವರಿಂದಲೇ ಚಹಾ ಮಾಡಿಸಿಕೊಂಡು ಕುಡಿದು ಬರುವಂಥ ಮಾತುಗಾರ. ಬಂದ ಕೆಲವೇ ತಿಂಗಳಲ್ಲಿ ಅವನು ಅತ್ತೆಯ ಮನೆಯ ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಬಿಟ್ಟ, ಜಾರುವ ಪರದೆಗೆ ಹೊಸ ಕಂಬಿ ಹಾಕಿದ. ಊಟಕ್ಕೆ ಕೂತರೆ ಅತ್ತೆಯ ಕೈ ಮೊದಲು ಅವನ ತಟ್ಟೆಯತ್ತ ಹೋಗುತ್ತಿತ್ತು. ಒಂದೊಂದೇ ಸರ್ ಅದನ್ನೆಲ್ಲ ಗಮನಿಸುತ್ತಿದ್ದರು. ಗಮನಿಸದವರಂತೆ ಕೂತು ಗಮನಿಸುವುದರಲ್ಲಿ ಅವರದು ಎತ್ತಿದ ಕೈ.

ಕಂಪ್ಯೂಟರ್ ಒಂದಾದರೂ ತಮ್ಮ ಪಾಲಿಗೆ ಉಳಿದಿದೆಯಲ್ಲ ಎಂಬುದೇ ಅವರಿಗೆ ಸಮಾಧಾನ. ಬೇಸಿಗೆಯ ಮೊದಲಲ್ಲಿ ಅವರು ಅದಕ್ಕೊಂದು ಹೊಸ ಡ್ರೈವರ್ ಹಾಕಿದ್ದರು. ಪರದೆಯ ಮೇಲೆ ಚಿತ್ರ ಮೂಡಿಸುವ ಕಾರ್ಡಿಗೂ ಕಂಪ್ಯೂಟರಿಗೂ ನಡುವೆ ದುಭಾಷಿಯಂತೆ ನಿಲ್ಲುವ ತಂತ್ರಾಂಶ ಅದು. ಆಮೇಲೆ ಒಂದು ದಿನ, ಅವರಿಗೆ ಒಂದು ಮಾತೂ ತಿಳಿಸದೆ, ಷಡ್ಡಕ ಅದೇ ಪೆಟ್ಟಿಗೆಯನ್ನು ಬಿಚ್ಚಿ, ಮೆಮೊರಿ ಹೆಚ್ಚಿಸಲೆಂದು ಹೊಸ ರ‍್ಯಾಮ್ ಸಿಕ್ಕಿಸಿದ.

“ಇದಕ್ಕೆ ಹೊಟ್ಟೆ ಸಣ್ಣದು ಅತ್ತೆ, ದೊಡ್ಡ ಫೋಟೋ ತಿನ್ನಿಸಿದ್ರೆ ಅರಗಲ್ಲ,” ಅಂದನಂತೆ. “ಈಗ ನೋಡಿ, ಕುದುರೆ ಥರ ಓಡುತ್ತೆ.”

ಓಡಿತು ಕೂಡ. ಹುರುಪಿನಲ್ಲಿ ಅತ್ತೆ ಒಂದರ ಮೇಲೊಂದು ದೊಡ್ಡ ಚಿತ್ರ ತೆರೆದಿಟ್ಟುಕೊಂಡು ಕೆಲಸ ಮಾಡತೊಡಗಿದರು. ಆಗ ಶುರುವಾಯಿತು ಕಾಟ. ಪುಟ ಜೋಡಿಸುತ್ತಿರುವಾಗಲೇ ಪರದೆಯೆಲ್ಲ ನೀಲಿ, ಮೇಲೆ ನಾಲ್ಕು ಸಾಲು ಬಿಳಿ ಅಕ್ಷರ, ಮರುಕ್ಷಣ ಎಲ್ಲ ಕತ್ತಲು. ಒಂದು ದಿನ ಬೆಳಗ್ಗೆ, ಒಂದು ದಿನ ಇಲ್ಲವೇ ಇಲ್ಲ, ಇನ್ನೊಂದು ದಿನ ಗಂಟೆಗೊಮ್ಮೆ.

ಈ ಸುದ್ದಿ ಅವರಿಗೆ ಮುಟ್ಟಿದ್ದು ಹೆಂಡತಿಯ ಬಾಯಿಂದ.

“ಅಮ್ಮನ ಕಂಪ್ಯೂಟರ್ ಕೆಟ್ಟಿದೆಯಂತೆ. ತಂಗಿ ಗಂಡ ನೋಡ್ತಿದ್ದಾರಂತೆ.”

“ನೋಡ್ತಿದ್ದಾನೆ ಅಂದ್ರೆ?”

“ಕಣ್ಣಿಂದ ನೋಡ್ತಿದ್ದಾರೆ. ಇನ್ಹೇಗೆ ನೋಡ್ತಾರೆ?”

“ಅವನು ನೋಡೋಕೆ ಅದೇನು ನಲ್ಲೀನಾ?”

ಸಂಜೆ ಸ್ಟುಡಿಯೋಕ್ಕೆ ಹೋದಾಗ ಷಡ್ಡಕ ಹಳೆಯ ಬ್ರಷ್ಷಿನಿಂದ ಫ್ಯಾನಿನ ಧೂಳು ಹೊಡೆಯುತ್ತಿದ್ದ. “ಬನ್ನಿ ಭಾವ, ಡಾಕ್ಟ್ರು ಬಂದ್ರು. ನಾನು ಬರೀ ಕಾಂಪೌಂಡರ್,” ಎಂದು ನಕ್ಕು ಕುರ್ಚಿ ಬಿಟ್ಟುಕೊಟ್ಟ. ಆ ನಗುವೂ ಇವರಿಗೆ ಮೈಮೇಲೆ ಕೆಂಡ ಸುರಿದಂತೆ.

ಅವರ ಎದುರಿನಲ್ಲೇ ಎರಡು ಸಲ ಪರದೆ ನೀಲಿಯಾಯಿತು. ಎರಡು ಸಲವೂ ಆ ಬಿಳಿ ಅಕ್ಷರಗಳ ನಡುವೆ ಚಿತ್ರದ ಡ್ರೈವರಿನ ಹೆಸರೇ ಇತ್ತು. ಆಸ್ಪತ್ರೆಯ ಯಂತ್ರವಾಗಿದ್ದರೆ ಅವರು ಮೊದಲು ಡ್ರೈವರನ್ನೇ ಹಿಡಿಯುತ್ತಿದ್ದರು. ಇಲ್ಲಿ ಮಾತ್ರ ಕಣ್ಣು ಹೋದದ್ದು ಹೊಸ ರ‍್ಯಾಮಿನ ಹಸಿರು ಪಟ್ಟಿಯ ಮೇಲೆ. ಮೆಮೊರಿ ಕೆಟ್ಟಾಗ ಯಂತ್ರ ಯಾರ ಹೆಸರನ್ನಾದರೂ ಹೇಳಬಹುದು ಎಂಬುದು ಅವರಿಗೆ ತಿಳಿದ ಸಂಗತಿ. ಅದು ಸುಳ್ಳೇನಲ್ಲ, ಆ ಹೊತ್ತಿಗೆ ಅವರಿಗೆ ಬೇಕಾಗಿದ್ದ ನಿಜವೂ ಅದೇ.

ಪಟ್ಟಿಯನ್ನು ಕಿತ್ತು ಜೇಬಿಗಿಟ್ಟರು. ನೇಮದ ಪ್ರಕಾರ ಇನ್ನು ಕಾಯಬೇಕಿತ್ತು. ಆದರೆ ಭಾನುವಾರದ ಊಟಕ್ಕೆ ಎಲ್ಲರೂ ಸೇರುವವರಿದ್ದರು. ಅಷ್ಟರೊಳಗೆ ಯಂತ್ರ ಅಪ್ಪಿತಪ್ಪಿ ಇನ್ನೊಮ್ಮೆ ನಿಂತರೆ ಷಡ್ಡಕನ ಮುಂದೆ ಮುಖವೆತ್ತುವುದು ಹೇಗೆ? ಹೇಗಿದ್ದರೂ ಇರಲಿ ಎಂದು, ಅದೇ ಉಸಿರಿನಲ್ಲಿ, ಹೊಸ ಡ್ರೈವರನ್ನೂ ತೆಗೆದು ಹಳೆಯದನ್ನು ಹಾಕಿಬಿಟ್ಟರು.

ಯಂತ್ರ ಮತ್ತೆ ನಿಲ್ಲಲಿಲ್ಲ. ಭಾನುವಾರ ಎಲ್ಲರೂ ತಟ್ಟೆಯ ಮುಂದೆ ಕೂತಾಗ ಅತ್ತೆಯೇ ಮಾತು ತೆಗೆದರು. “ಏನಾಗಿತ್ತು ದೊಡ್ಡ ಅಳಿಯಂದ್ರೇ?”

“ರ‍್ಯಾಮ್ ಕೆಟ್ಟಿತ್ತು ಅತ್ತೆ. ಕಳಪೆ ಮಾಲು,” ಎಂದರು ಅವರು, ನೀರಿನ ಲೋಟ ಎತ್ತಿಕೊಳ್ಳುತ್ತ. “ತಿಳಿದೋರನ್ನ ಒಂದು ಮಾತು ಕೇಳಿ ಹಾಕಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲ.”

ನಾದಿನಿ ತಲೆ ತಗ್ಗಿಸಿದಳು. ಷಡ್ಡಕನ ಕೈಯ ತುತ್ತು ಅರೆಗಳಿಗೆ ನಿಂತಿತು. “ಹೌದಾ ಭಾವ? ಅಂಗಡಿಯವನು ನನಗೇ ಟೋಪಿ ಹಾಕ್ದ ಅನ್ನಿ,” ಎಂದು ನಗಲು ನೋಡಿದ, ನಗು ಪೂರ್ತಿ ಬರಲಿಲ್ಲ. ಆ ಊಟ ಒಂದೊಂದೇ ಸರ್‌ಗೆ ಎಂದಿಗಿಂತ ರುಚಿಸಿತು.

ಮರುದಿನ ಅವರು ಪಟ್ಟಿಯನ್ನು ಆಸ್ಪತ್ರೆಯ ಬಿಡುವಿನ ಯಂತ್ರವೊಂದಕ್ಕೆ ಸಿಕ್ಕಿಸಿ, ಮೆಮೊರಿ ಪರೀಕ್ಷಿಸುವ ಪ್ರೋಗ್ರಾಂ ಓಡಿಸಿದರು. ಅದು ಮೂಲೆಮೂಲೆಗೂ ಏನಾದರೂ ಬರೆದು, ತಿರುಗಿ ಓದಿ, ತಾಳೆ ನೋಡುತ್ತದೆ. ತಪ್ಪು ಸಿಕ್ಕಲ್ಲಿ ಒಂದು ಕೆಂಪು ಸಾಲು. ಅವರಿಗೆ ಆ ಕೆಂಪು ಸಾಲು ಬೇಕಿತ್ತು. ಮುಂದಿನ ಭಾನುವಾರ ಅದರ ಫೋಟೋ ಹಿಡಿದುಕೊಂಡು ಹೋಗುವ ಆಸೆಯೂ ಇತ್ತು. ಮಧ್ಯಾಹ್ನವಾಯಿತು, ಸಂಜೆಯಾಯಿತು, ಒಂದು ಸಾಲೂ ಮೂಡಲಿಲ್ಲ. ಪಟ್ಟಿಯ ಜಾಗ ಬದಲಿಸಿದರು, ಯಂತ್ರವನ್ನೇ ಬದಲಿಸಿದರು. ರ‍್ಯಾಮ್ ಕಲ್ಲಿನಂತೆ ಗಟ್ಟಿಯಾಗಿತ್ತು.

ಅನುಮಾನ ತಡೆಯಲಾರದೆ ವಾರದ ನಡುವೆ ಸ್ಟುಡಿಯೋಕ್ಕೆ ಹೋದರು. ರ‍್ಯಾಮ್ ಹಾಕದೆ, ತಾವೇ ತೆಗೆದಿದ್ದ ಹೊಸ ಡ್ರೈವರನ್ನು ಮಾತ್ರ ಮತ್ತೆ ಹಾಕಿ, ಅತ್ತೆಯಂತೆ ದೊಡ್ಡ ಚಿತ್ರಗಳನ್ನು ಒಂದರ ಮೇಲೊಂದು ತೆರೆದಿಟ್ಟು ಆಲ್ಬಮ್ ಜೋಡಿಸತೊಡಗಿದರು. ಕೆಲವು ಪುಟ ದಾಟುವುದರೊಳಗೆ ಪರದೆ ನೀಲಿಯಾಯಿತು.

“ಮತ್ತೆ ಮುನಿಸ್ಕೊಂಡ್ತಾ?” ಬಾಗಿಲಿನ ಕಪ್ಪು ಪರದೆಯಾಚೆಯಿಂದ ಅತ್ತೆಯ ದನಿ.

“ಇಲ್ಲ ಅತ್ತೆ, ಸುಮ್ನೆ ಪರೀಕ್ಷೆ ಮಾಡ್ತಿದ್ದೆ.” ಬೆವರು ಒರೆಸಿಕೊಂಡು ಹಳೆಯ ಡ್ರೈವರನ್ನೇ ಹಾಕಿ ಎದ್ದುಬಂದರು. ತಪ್ಪು ತಮ್ಮ ಕೈಯದೇ. ಆದರೆ ಅದನ್ನು ಹೇಳುವ ಯೋಚನೆ ಅವರಿಗಿರಲಿಲ್ಲ. ಯಂತ್ರ ನಡೆಯುತ್ತಿದೆ, ಮೊದಲ ಫೋನು ಇನ್ನು ತಮಗೇ ಬರುತ್ತದೆ, ಸಾಕು.

ಮುಂದಿನ ಭಾನುವಾರ ಅತ್ತೆ ದೂರು ತೆಗೆದರು: “ಈಗ ನಿಲ್ಲಲ್ಲ, ಸರಿ. ಆದ್ರೆ ಒಂದು ಫೋಟೋ ತೆರೆಯೋಷ್ಟರಲ್ಲಿ ನನಗೆ ಒಂದು ನಿದ್ದೆ ಆಗುತ್ತೆ.”

ಷಡ್ಡಕ ಗಂಟಲು ಸರಿಮಾಡಿಕೊಂಡ. “ಅತ್ತೆ, ಒಂದು ಮಾತು. ಅಂಗಡಿಯವನ ಹತ್ರ ಜಗಳಕ್ಕೆ ಹೋಗಿದ್ದೆ. ‘ನೀನು ಸರಿಯಾಗಿ ಕೂರಿಸಿರಲ್ಲ ಮಾರಾಯ’ ಅಂದ. ಹಾಗೇ ಇರ್ಬೇಕು. ಫಿಲ್ಟರ್ ತಿರುಗಿಸೋ ಕೈ ನಂದು, ಇಂಥ ನಾಜೂಕು ನನಗೆಲ್ಲಿ ಬರ್ಬೇಕು? ತಪ್ಪು ನಂದೇ. ಆ ಪಟ್ಟೀನ ಭಾವ ಮತ್ತೆ ಕೂರಿಸಿಕೊಡ್ಲಿ, ಸರಿಹೋಗುತ್ತೆ.”

“ಅಯ್ಯೋ, ಅದಕ್ಯಾಕೆ ಮುಖ ಸಪ್ಪಗೆ ಮಾಡ್ಕೊಳ್ತೀರಿ!” ಎಂದು ಅತ್ತೆ ನಕ್ಕರು. ನಾದಿನಿ ನಕ್ಕಳು. ಹೆಂಡತಿಯೂ ನಕ್ಕಳು. ಇಡೀ ಮನೆ ಅವನ ಕಡೆಗೆ ವಾಲಿತು.

ಒಂದೊಂದೇ ಸರ್‌ಗೆ ಅದನ್ನು ನೋಡಿ ತಡೆಯಲಾಗಲಿಲ್ಲ. ಬಾಗಿಲು, ಪರದೆ, ತಟ್ಟೆಯ ಮೊದಲ ಬಡಿಸುವಿಕೆ, ಎಲ್ಲವೂ ಅವನದಾಗಿತ್ತು. ಈಗ ಮಾಡದ ತಪ್ಪನ್ನೂ ತಲೆಗೆ ಸುತ್ತಿಕೊಂಡು ಅದನ್ನೂ ಕಿರೀಟ ಮಾಡಿಕೊಂಡಿದ್ದಾನೆ. ತಪ್ಪನ್ನಾದರೂ ಇವನಿಗೆ ಬಿಟ್ಟುಕೊಡಬಾರದು ಎನಿಸಿತು.

“ನೀನು ಸರಿಯಾಗೇ ಕೂರಿಸಿದ್ದೆ,” ಎಂದರು, ಬೇಕಾದುದಕ್ಕಿಂತ ಗಟ್ಟಿಯಾಗಿ. “ರ‍್ಯಾಮ್ ಚೆನ್ನಾಗಿದೆ, ನಾನೇ ಪರೀಕ್ಷೆ ಮಾಡ್ದೆ. ಕೆಟ್ಟಿದ್ದು ಡ್ರೈವರ್. ಅದನ್ನ ಹಾಕಿದ್ದು ನಾನು. ತಪ್ಪು ನಂದು.”

ನಗು ನಿಂತಿತು. ನಾದಿನಿ ತಲೆಯೆತ್ತಿ ಗಂಡನ ಮುಖ ನೋಡಿದಳು. ಷಡ್ಡಕ ಎದ್ದು ಹೋಗಿ ಟಾರ್ಚ್ ತಂದ. ಅವನು ಬೆಳಕು ಹಿಡಿದ; ಇವರು ಜೇಬಿನಲ್ಲಿದ್ದ ಪಟ್ಟಿಯನ್ನು ತೆಗೆದು ಕಂಪ್ಯೂಟರಿನೊಳಗೆ ಅದರ ಜಾಗಕ್ಕೆ ಒತ್ತಿದರು. ಅದನ್ನು ಹಿಡಿದಿಡುವ ಎರಡೂ ಕೊಂಡಿಗಳು ಟಪ್ಪೆಂದು ಕೂತವು.

ಸ್ಕೂಟರಿನಲ್ಲಿ ಮನೆಗೆ ಮರಳುವಾಗ ಹೆಂಡತಿ ಹಿಂದಿನಿಂದ ಭುಜದ ಮೇಲೆ ಕೈಯಿಟ್ಟಳು. “ಇವತ್ತು ನೀವು ದೊಡ್ಡ ಮನಸ್ಸು ಮಾಡಿದ್ರಿ ರೀ.”

ಅದು ದೊಡ್ಡ ಮನಸ್ಸಲ್ಲವೆಂದು ಅವರು ಹೇಳಲಿಲ್ಲ. “ನಿಮ್ಮಮ್ಮ ಏನಂದ್ರು?” ಎಂದು ಕೇಳಿದರು.

“ಅಮ್ಮನಾ? ‘ಚಿಕ್ಕ ಅಳಿಯಂದ್ರು ಎಂಥ ಒಳ್ಳೆಯವ್ರು ನೋಡು, ಮಾಡದ ತಪ್ಪನ್ನ ಒಪ್ಕೊಂಡ್ರಲ್ಲ’ ಅಂದ್ರು.”

ಸಿಗ್ನಲ್ ಕೆಂಪಾಯಿತು. ಅವರು ಸ್ಕೂಟರ್ ನಿಲ್ಲಿಸಿ ಕಾಲು ಊರಿದರು.

“ಇನ್ಮೇಲೆ ಕಂಪ್ಯೂಟರ್ ಕೆಟ್ರೆ ಮೊದ್ಲು ನಿಮಗೇ ಫೋನ್ ಮಾಡ್ತಾರಂತೆ,” ಎಂದಳು ಹೆಂಡತಿ. “ತಂಗಿ ಗಂಡನ್ನೂ ಜೊತೆಗೆ ಕರೀತಾರಂತೆ. ಅವ್ರಿದ್ರೆ ಹೊತ್ತು ಹೋಗೋದೇ ಗೊತ್ತಾಗಲ್ಲ ಅಂತ.”

ಹಸಿರು ದೀಪ ಹತ್ತಿತು. ಹಿಂದಿನವರು ಹಾರನ್ ಒತ್ತುವವರೆಗೆ ಅವರು ಕದಲಲಿಲ್ಲ.