ಮೂಟೆಗಳ ಜೊತೆ ತವರಿಗೆ

ಸ್ಟೇಷನ್ನಿನ ಹಮಾಲಿಗಳ ಮೇಸ್ತ್ರಿಗೆ ಊರಿಟ್ಟ ಹೆಸರು ‘ಇನ್ನೇನು ಮೇಸ್ತ್ರಿ’. ಹೆಸರಿನ ಮೂಲ ಅವರ ಮದುವೆಯ ಮಾತುಕತೆ. ಹೆಣ್ಣಿನ ತವರು ಗುಡ್ಡದ ಆಚೆ. ಅಲ್ಲಿಗಿದ್ದದ್ದು ಒಂದೇ ಬಸ್ಸಿನ ದಾರಿ, ಅದೂ ಕರುಳಿನ ಹಾಗೆ ಸುತ್ತಿಕೊಂಡದ್ದು. ಹತ್ತಿ ಕೂತವರ ಕರುಳು ಕೂಡ ದಾರಿಯನ್ನೇ ನೋಡಿ ಕಲಿಯುತ್ತಿತ್ತು. ಇಷ್ಟು ದೂರಕ್ಕೆ ಮಗಳನ್ನು ಕೊಡೋದು ಹೇಗಪ್ಪಾ ಅಂತ ಹೆಣ್ಣಿನ ತಂದೆ ತಲೆ ಕೆರೆದುಕೊಂಡಾಗ, ಆಗಿನ್ನೂ ಮೀಸೆ ಮೂಡುತ್ತಿದ್ದ ಮದುಮಗ, "ರೈಲು ಇನ್ನೇನು ಬಂತು, ಮಾವ. ಸರ್ವೆ ಕಲ್ಲು ನೆಟ್ಟಾಗಿದೆ. ನಿಮ್ಮ ಮಗಳನ್ನ ನಾನೇ ರೈಲಲ್ಲಿ ಕರ್ಕೊಂಡು ಬರ್ತೀನಿ" ಅಂದುಬಿಟ್ಟ.

ಮದುವೆಯಾಯಿತು. ಸರ್ವೆ ಕಲ್ಲಿನ ಮೇಲೆ ಮೇಕೆಗಳು ಹತ್ತಿ ನಿಂತವು, ಕಾಲಕ್ರಮದಲ್ಲಿ ಅವುಗಳ ಮೊಮ್ಮಕ್ಕಳೂ ನಿಂತವು. ಮಾವ ರೈಲು ನೋಡದೆಯೇ ಹೋಗಿಬಿಟ್ಟರು. ಹಮಾಲಿ ಮೇಸ್ತ್ರಿಯಾದ, ಮೇಸ್ತ್ರಿಯ ಮೀಸೆ ಬೆಳ್ಳಗಾಯಿತು. ಹೆಂಡತಿ ಮಾತ್ರ ಮೂಗಿಗೆ ನಿಂಬೆಹಣ್ಣು ಹಿಡಿದು, ಕೈಯಲ್ಲಿ ಪ್ಲಾಸ್ಟಿಕ್ ಚೀಲ ಸಿದ್ಧವಿಟ್ಟುಕೊಂಡು, ತೀರಾ ಹೋಗಲೇಬೇಕಾದಾಗ ತವರಿಗೆ ಹೋಗಿ ಬರುತ್ತಿದ್ದಳು. ಹೋದ ಮೊದಲ ದಿನ ಮಲಗೋದಕ್ಕೆ, ಕೊನೆಯ ದಿನ ವಾಪಸ್ ಬಸ್ಸನ್ನು ನೆನೆದು ಹೆದರೋದಕ್ಕೆ. ಮಧ್ಯದಲ್ಲಿ ಉಳಿದದ್ದೇ ತವರು.

ಆಕೆಯ ತಮ್ಮನದು ಆಚೆಯೂರಿನಲ್ಲಿ ಬ್ಯಾಂಡ್ ಸೆಟ್. ಊದುವುದು ಅವನ ಕಸುಬು, ಭಾವನ ಮಾನ ಊದಿ ಹಾರಿಸುವುದು ಹವ್ಯಾಸ. ಫೋನ್ ಮಾಡಿದಾಗಲೆಲ್ಲ ಅಕ್ಕನ ಆರೋಗ್ಯಕ್ಕಿಂತ ಮೊದಲು, ಭಾವನ ರೈಲು ಎಲ್ಲೀತನಕ ಬಂತು ಅಂತ ವಿಚಾರಿಸುತ್ತಿದ್ದ. ಕೊನೆಗೂ ರಾಜಧಾನಿಯಿಂದ ಈ ಊರಿನವರೆಗೆ ಬಂದಿದ್ದ ಅತಿವೇಗದ ರೈಲನ್ನು ಗುಡ್ಡ ಕೊರೆದು ಆಚೆ ಸೀಮೆಗೂ ಒಯ್ಯುವುದು ಗಟ್ಟಿಯಾಯಿತು. ಬರೋದಕ್ಕೆ ಒಂದು ತಲೆಮಾರು ತೆಗೆದುಕೊಂಡ ರೈಲು, ಬಂದಮೇಲೆ ಕಣ್ಣು ಮುಚ್ಚಿ ತೆರೆಯೋದರಲ್ಲಿ ಹೋಗುತ್ತದಂತೆ. ಮೇಸ್ತ್ರಿ ಎದೆಯುಬ್ಬಿಸಿ ಓಡಾಡಿದರು, ಭಾವಮೈದುನನ ಫೋನ್ ಬರುವವರೆಗೆ. ಉದ್ಘಾಟನೆಗೆ ಅವನ ಬ್ಯಾಂಡೇ ಬೇಕಂತೆ, ಮೊದಲ ರೈಲಿನಲ್ಲಿ ಗಣ್ಯರ ಜೊತೆ ಅವನಿಗೂ ಸೀಟಂತೆ.

"ನಾನೇ ರೈಲಲ್ಲಿ ಬಂದು ಅಕ್ಕನ್ನ ಕರ್ಕೊಂಡು ಹೋಗ್ತೀನಿ ಭಾವ. ನೀವು ಪೆಟ್ಟಿಗೆ ಹೊತ್ಕೊಂಡು ಪ್ಲಾಟ್‌ಫಾರ್ಮಲ್ಲಿ ನಿಂತಿರಿ. ಹೇಗೂ ಅಭ್ಯಾಸ ಇದೆಯಲ್ಲ."

ಹೆಂಡತಿ ಪಕ್ಕದಲ್ಲೇ ಕೂತು ಕೇಳಿಸಿಕೊಂಡಳು. ಎರಡು ಮಾತು ಬೈದಿದ್ದರೆ ಮೇಸ್ತ್ರಿಗೆ ಅಂದು ಊಟ ಸೇರುತ್ತಿತ್ತು. ಮಾವನಿಗೆ ಕೊಟ್ಟ ಮಾತನ್ನು ಮಾವನ ಮಗನೇ ಬಂದು ನಡೆಸಿಕೊಟ್ಟು ಹೋದರೆ ಗಂಡ ಅನ್ನೋ ಪದವಿ ಇಟ್ಟುಕೊಂಡು ಮಾಡೋದೇನು?

ಇಂಥ ಹೊತ್ತಿನಲ್ಲಿ ಪರೀಕ್ಷೆಯ ಓಟ ಬಂತು. ಜನರನ್ನು ಹತ್ತಿಸುವ ಮೊದಲು ರೈಲು ಜನರಷ್ಟೇ ಭಾರ ಹೊತ್ತು ಓಡಿ ತೋರಿಸಬೇಕು. ಅದಕ್ಕೆ ಪ್ರಯಾಣಿಕರ ಬದಲು ಮರಳಿನ ಮೂಟೆ, ಮೂಟೆ ಕೂರಿಸೋದಕ್ಕೆ ಮೇಸ್ತ್ರಿಯ ತಂಡ. ಉಸ್ತುವಾರಿಗೆ ಬಂದ ಇಂಜಿನಿಯರಮ್ಮ ಎಳೆ ವಯಸ್ಸಿನವರು, ನಗುವಿನಲ್ಲಿ ಜಿಪುಣೆ. ಹಮಾಲಿಗಳು ಸಂಜೆಯವರೆಗೆ ಮೂಟೆ ಹೊತ್ತರು. ಮೇಸ್ತ್ರಿ ತಮಾಷೆಗೆ ಒಂದೊಂದು ಮೂಟೆಯನ್ನೂ ಉಪಚರಿಸಿದರು: ಸ್ವಾಮಿ ಸ್ವಲ್ಪ ಸರೀರಿ, ಅಮ್ಮಾ ಕಾಲು ಮಡಚಿ, ಟಿಕೆಟ್ ಇದೆಯೇನ್ರೀ. ಮೂರನೇ ಡಬ್ಬಿಯ ಕಿಟಕಿ ಸೀಟಿನಲ್ಲಿ ಒಂದು ಮೂಟೆಯನ್ನು ಒರಗಿಸಿ ನಿಂತಾಗ ಅವರ ತಮಾಷೆ ತಟ್ಟನೆ ನಿಂತಿತು. ಅಪ್ಪ ಇಲ್ಲ, ಅಮ್ಮ ಇಲ್ಲ, ತವರು ಅನ್ನೋದೇ ಇಲ್ಲದ ಈ ಮರಳು ನಾಳೆ ನನ್ನ ಹೆಂಡತಿಯ ತವರಿಗೆ ಹೋಗುತ್ತದೆ. ಅದೂ ಕಿಟಕಿ ಪಕ್ಕ ಕೂತು.

ಒಂದೆರಡು ಮೂಟೆ ಇಳಿಸಿ ಆ ಜಾಗದಲ್ಲಿ ನಾವೇ ಕೂತು ಹೋಗೋಣ ಅಂತ ಬೆಳಿಗ್ಗೆ ಹೆಂಡತಿಗೆ ಹೇಳಿದರು. ಆಕೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಹಾಗಾದ್ರೆ ನಾನು ಮೂಟೆನಾ?" ಅಂದಳು. ಅಂದವಳೇ ಒಳಗೆ ಹೋಗಿ ಮದುವೆಮನೆಗೆ ಉಡುವ ಬಟ್ಟೆ ಉಟ್ಟು ಬಂದಳು.

ರೈಲಿನಿಂದ ಎಷ್ಟು ಮೂಟೆ ಇಳಿಸಬೇಕು ಅನ್ನುವುದರಲ್ಲಿ ಸಣ್ಣ ಜಟಾಪಟಿ ನಡೆಯಿತು. ಇಬ್ಬರಿಗೆ ಎರಡು ಸಾಕು ಅಂತ ಆಕೆ. ಲೆಕ್ಕ ಸರಿಹೋಗಬೇಕಾದರೆ ಮೂರು ಅಂತ ಮೇಸ್ತ್ರಿ. ನಮ್ಮಿಬ್ಬರಲ್ಲಿ ಎರಡು ಮೂಟೆ ತೂಗೋರು ಯಾರು ಅಂತ ಆಕೆ ಕೇಳಿದ್ದಕ್ಕೆ ಮೇಸ್ತ್ರಿ ಸಮಯೋಚಿತವಾಗಿ ತಮ್ಮ ಹೊಟ್ಟೆ ತೋರಿಸಿ ಸಂಸಾರ ಉಳಿಸಿಕೊಂಡರು. ತೂಕದ ಮಾತು ಅಂದರೆ ಅದು.

ರೈಲು ಹೊರಟಿತು. ಹೊರಟದ್ದೇ ತಿಳಿಯಲಿಲ್ಲ, ಸ್ಟೇಷನ್ನೇ ಹೇಳದೆ ಕೇಳದೆ ಹಿಂದಕ್ಕೆ ಹೋಯಿತು. ಕಂಬಗಳೆಲ್ಲ ಸೇರಿ ಬೇಲಿಯಾದವು. ಹೆಂಡತಿ ಅಭ್ಯಾಸಬಲದಿಂದ ಚೀಲ ಬಿಡಿಸಿ ಕಾದಳು. ಹೊಟ್ಟೆ ಮಿಸುಕಲಿಲ್ಲ. ಇನ್ನೂ ಸ್ವಲ್ಪ ಕಾದಳು. ಆಮೇಲೆ ನಗು ಬಂತು, ಎಂಥ ನಗು ಅಂದರೆ ಹಿಡಿದುಕೊಳ್ಳೋದಕ್ಕೆ ಚೀಲವೇ ಬೇಕಾಯಿತು. ಎಡಗಡೆ ಕೆರೆ ಕಂಡಿತೆಂದು ಎಡಕ್ಕೆ ಓಡಿದಳು, ಬಲಗಡೆ ಗುಡ್ಡ ಕಂಡಿತೆಂದು ಬಲಕ್ಕೆ. ಹಿಂದೆಯೇ ಮೇಸ್ತ್ರಿ. ಮಧ್ಯೆ ಕೂತ ಮೂಟೆಗಳು ಸಭ್ಯರ ಹಾಗೆ ಮುಂದಕ್ಕೇ ನೋಡುತ್ತಿದ್ದವು.

ಮೊದಲ ಡಬ್ಬಿಯಲ್ಲಿ ಇಂಜಿನಿಯರಮ್ಮ ಪರದೆಯ ಮುಂದೆ ಕೂತಿದ್ದರು. ಮೂರನೇ ಡಬ್ಬಿಯ ಭಾರ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗುತ್ತಿರುವುದನ್ನು ಕಂಡು ಗಾಬರಿಯಾಗಿ ಎದ್ದು ಬಂದರು.

"ಮೂಟೆ ಜಾರ್ತಿದೆಯಾ ಅಂತ ನೋಡೋಕೆ ಬಂದೆ" ಅಂದರು, ಬಾಗಿಲಲ್ಲೇ ನಿಂತು.

"ಜಾರಿಲ್ಲ ಮೇಡಂ" ಅಂದರು ಮೇಸ್ತ್ರಿ. "ಓಡಾಡ್ತಿದೆ."

ಇಂಜಿನಿಯರಮ್ಮನ ಮುಖ ಕೆಂಪಾಯಿತು. ಇದು ಪರೀಕ್ಷೆಯೋ ಪಿಕ್‌ನಿಕ್ಕೋ ಅಂತ ಚೆನ್ನಾಗಿ ಉಗಿದರು, ಕೆಲಸ ಹೋಗುತ್ತೆ ಗೊತ್ತಾ ಅಂದರು. ಮೇಸ್ತ್ರಿ ತಲೆ ತಗ್ಗಿಸಿ ಮಾವ, ಸರ್ವೆ ಕಲ್ಲು, ಮೇಕೆ, ಭಾವಮೈದುನ, ಎಲ್ಲ ಒಪ್ಪಿಸಿದರು. ಆ ವೇಗದಲ್ಲಿ ಇಳಿಸೋಣ ಅಂದರೆ ಇಳಿಸುವ ಹಾಗೂ ಇಲ್ಲ. ಕೊನೆಗೆ ಇಂಜಿನಿಯರಮ್ಮ ಗಂಡನನ್ನು ಎಡಕ್ಕೆ, ಹೆಂಡತಿಯನ್ನು ಬಲಕ್ಕೆ ಕೂರಿಸಿ, ರೈಲು ವಾಪಸ್ ಹೋಗುವವರೆಗೆ ಯಾರೂ ಅಲುಗಾಡಕೂಡದು ಅಂತ ಅಪ್ಪಣೆ ಮಾಡಿ, ಕಾವಲಿಗೆ ತಾವೂ ಅಲ್ಲೇ ಕೂತರು.

ಸುರಂಗ ಬಂತು. ಒಂದಿಡೀ ದಿನವನ್ನು ನುಂಗುತ್ತಿದ್ದ ಗುಡ್ಡವನ್ನು ರೈಲು ಒಂದೇ ಗುಟುಕಿಗೆ ನುಂಗಿ ಆಚೆ ಬೆಳಕಿಗೆ ಬಿತ್ತು. ಹೊಸ ಸ್ಟೇಷನ್ ಬಂದೇ ಬಂತು, ಪ್ಲಾಟ್‌ಫಾರ್ಮ್ ಎಡಗಡೆ. ಅದರ ಮೇಲೆ ನಾಳಿದ್ದಿನ ಉದ್ಘಾಟನೆಗೆ ತಾಲೀಮು ನಡೆಸುತ್ತಿದ್ದ ಬ್ಯಾಂಡು, ಬ್ಯಾಂಡಿನ ಮುಂದೆ ಕೋಲು ಬೀಸುತ್ತಿದ್ದ ತಮ್ಮ.

ಹೆಂಡತಿ ಅಪ್ಪಣೆ ಮೀರಿ ಎಡಕ್ಕೆ ಹಾರಿದಳು. ಇಂಜಿನಿಯರಮ್ಮ ಎದ್ದು ಹೋಗಿ ಆಕೆ ಬಿಟ್ಟ ಬಲಗಡೆಯ ಸೀಟಿನಲ್ಲಿ ತಾವೇ ಕೂತರು.

"ಸದ್ಯಕ್ಕೆ ನಾನೇ ಮೂಟೆ. ಬೇಗ ಮಾತಾಡಿ ಮುಗ್ಸಿ."

ಆಕೆ ಗಾಜು ಬಡಿದಳು. ತಮ್ಮ ತಿರುಗಿದ. ಅವನ ಕೋಲು ಅರ್ಧ ಗಾಳಿಯಲ್ಲೇ ನಿಂತಿತು. ಫೋನ್ ತೆಗೆದು ಕಿವಿಗಿಟ್ಟುಕೊಂಡ.

"ಇಳಿಯೇ ಅಕ್ಕಾ."

"ಬಾಗಿಲು ತೆಗೆಯಲ್ವಂತೆ ಕಣೋ. ಮೂಟೆಗಳಿಗೆ ಇಳಿಯೋ ಹಾಗಿಲ್ಲ."

ಅವನು ಭಾವನಿಗೆ ಕೊಡು ಅಂದ. ಮೇಸ್ತ್ರಿ ಫೋನ್ ತೆಗೆದುಕೊಂಡರು. ಗಾಜಿನ ಆಚೆ ಈಚೆ ಇಬ್ಬರೂ ಮೂಗಿಗೆ ಮೂಗು ತಾಗುವಷ್ಟು ಹತ್ತಿರ.

"ಏನು ಭಾವ, ರೈಲಲ್ಲಿ ಕರ್ಕೊಂಡು ಬರ್ತೀನಿ ಅಂದಿದ್ರಲ್ಲ, ಇಳಿಸೋದಿಲ್ವಾ?"

"ಕರ್ಕೊಂಡು ಬರ್ತೀನಿ ಅಂತಷ್ಟೇ ಹೇಳಿದ್ದು ಕಣಯ್ಯಾ. ಇಳಿಸೋ ಮಾತು ನಿಮ್ಮಪ್ಪನ ಹತ್ರ ಆಡೇ ಇಲ್ಲ."

ತಮ್ಮ ಫೋನನ್ನು ಜೇಬಿಗೆ ತುರುಕಿ, ಹಿಂದೆ ಸರಿದು, ಭಾವನಿಗೊಂದು ಉದ್ದ ಸಲಾಮು ಹೊಡೆದು ಕೋಲು ಎತ್ತಿದ. ಇಡೀ ಬ್ಯಾಂಡಿನ ಕೆನ್ನೆಗಳು ಉಬ್ಬಿದವು, ಡೋಲಿನ ಕೈ ಎದ್ದು ಬಿತ್ತು. ಗಾಜಿನ ಈಚೆಗೆ ಒಂದು ಸದ್ದೂ ಬರಲಿಲ್ಲ. ಆಕೆ ಅವರ ಕೆನ್ನೆಗಳನ್ನೇ ನೋಡಿ ತಾಳ ಹಿಡಿದು ತಲೆಯಾಡಿಸಿದಳು.

ರೈಲು ಹಿಂದಕ್ಕೆ ಹೊರಟಿತು. ತಮ್ಮ ಬ್ಯಾಂಡ್ ಸಮೇತ ಪಕ್ಕದಲ್ಲೇ ನಡೆದ, ಓಡಿದ, ಕೊನೆಗೆ ಪ್ಲಾಟ್‌ಫಾರ್ಮ್ ಮುಗಿದಲ್ಲಿ ನಿಂತು ಬೆರಳಷ್ಟು ಚಿಕ್ಕವನಾದ.

ಇಂಜಿನಿಯರಮ್ಮ ತಮ್ಮ ಸೀಟಿನಿಂದಲೇ ಗಂಟಲು ಸರಿಮಾಡಿಕೊಂಡು, ಪ್ರಯಾಣಿಕರು ಒಂದೇ ಕಡೆ ನುಗ್ಗಿದರೂ ರೈಲು ಅಲುಗಲಿಲ್ಲ, ಅದನ್ನೂ ವರದಿಗೆ ಸೇರಿಸಬಹುದು ಅಂದರು. ಮೇಸ್ತ್ರಿಗೆ ಕೆಲಸ ಉಳಿಯಿತೆಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ತವರಿಗೆ ಹೋಗಿ ಒಂದು ಲೋಟ ನೀರೂ ಕುಡಿಯದೆ ಬಂದವಳು ನಾನೊಬ್ಬಳೇ ಇರಬೇಕು" ಅಂದಳು ಹೆಂಡತಿ, ಕಣ್ಣೊರೆಸಿಕೊಳ್ಳುತ್ತ, ನಗು ಇನ್ನೂ ನಿಂತಿರಲಿಲ್ಲ. "ನಾಳಿದ್ದು ಬಾಗಿಲು ತೆಗೆಯೋ ರೈಲಿಗೆ ಟಿಕೆಟ್ ಮಾಡ್ಸಿ. ಇಬ್ಬರಿಗೂ."